ಮುಳ್ಳು ನೋಡಿ ಮರ ಹೇಳಿ

ದೆಹಲಿ, ಗುರುಗ್ರಾಮ, ಫರೀದಾಬಾದುಗಳ ಅರಾವಳಿ ತಪ್ಪಲಿನಲ್ಲಿ ನಮ್ಮ ಬಯಲುಸೀಮೆಯ ಹಳೇ ಪರಿಚಯಸ್ಥರು

ಬೇಸಿಗೆಯಲ್ಲಿ ದೆಹಲಿಯ ಸುತ್ತ ಕಾಡು ನೋಡಲು ಹೊರಡುವವರಿಗೆ ಮೊದಲೇ ಒಂದು ಮಾತು: ಹಸಿರಾಗಿ ಕಂಡದ್ದನ್ನೆಲ್ಲ ಕಾಡೆಂದು ನಂಬಬೇಡಿ. ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ರಸ್ತೆಯ ಅಕ್ಕಪಕ್ಕದ ಗುಡ್ಡಗಳ ಮೇಲೆ ಮೇ ತಿಂಗಳ ಉರಿಯಲ್ಲೂ ಹಸಿರು ಉಳಿಸಿಕೊಂಡು ನಿಂತದ್ದು ಬಹುಪಾಲು ಪರದೇಶದಿಂದ ಬಂದ ಮುಳ್ಳುಗಿಡ. ಅದನ್ನು ದಾಟಿ ಮಾಂಗರ್ ಹಳ್ಳಿಯ ಕಣಿವೆಯತ್ತ ನಡೆದರೆ, ಎಲೆಯೆಲ್ಲ ಉದುರಿಸಿಕೊಂಡು, ಸತ್ತೇ ಹೋಗಿದೆಯೇನೋ ಎನ್ನುವ ಹಾಗೆ ಬೂದುಗಟ್ಟಿ ನಿಂತ ಮರಗಳ ಇಳಿಜಾರು ಕಾಣುತ್ತದೆ. ಈ ಬೆಟ್ಟದ ಅಸಲು ಕಾಡು ಅದು. ಜೂನ್ ಕೊನೆಗೋ ಜುಲೈ ಮೊದಲಿಗೋ ನಾಲ್ಕು ಹದವಾದ ಮಳೆ ಬೀಳಲಿ, ಇಡೀ ಇಳಿಜಾರು ಚಿಗುರುತ್ತದೆ. ಅಲ್ಲಿಯವರೆಗೆ ಅದನ್ನು ಗುರುತಿಸುವುದು ತೊಗಟೆ, ಕಡ್ಡಿ, ಒಣಗಿದ ಕಾಯಿ ಮತ್ತು ಮುಳ್ಳಿನಿಂದ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ ಎಂಬುದೇ ಈ ಲೇಖನದ ವಾದ. ದೆಹಲಿಗೆ ಬಂದು ನೆಲೆಸಿದ ನಮ್ಮವರಲ್ಲಿ ಹೆಚ್ಚಿನವರು ರಜೆ ಸಿಕ್ಕರೆ ಮಸ್ಸೂರಿ, ನೈನಿತಾಲ್ ಕಡೆಗೆ ಗಾಡಿ ತಿರುಗಿಸುತ್ತಾರೆ. ದೇವದಾರು, ಬುರಾಂಶ್ ಹೂ ನೋಡಿ ಫೋಟೋ ತೆಗೆದು ಬರುತ್ತಾರೆ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ನೋಡಿ ಹೊರಬಂದವರಿಗೆ ವಸಂತ ವಿಹಾರದ ಅರಾವಳಿ ಜೀವವೈವಿಧ್ಯ ಉದ್ಯಾನ ಕೆಲವೇ ಕಿಲೋಮೀಟರ್ ದೂರ. ಕನ್ನಡ ಅಧ್ಯಯನ ಪೀಠವಿರುವ ಜೆಎನ್‌ಯು ಆವರಣವಂತೂ ಕೂತಿರುವುದೇ ಅರಾವಳಿಯ ಬಂಡೆಯ ಮೇಲೆ. ಆದರೆ ಅಲ್ಲಿ ಬೆಳೆದದ್ದನ್ನು ‘ಏನೋ ಜಂಗಲ್’ ಎಂದು ಬಿಟ್ಟುಬಿಡುತ್ತೇವೆ. ಚಿತ್ರದುರ್ಗದ ಜೋಗಿಮಟ್ಟಿ, ಬಳ್ಳಾರಿಯ ಬೋಳುಗುಡ್ಡ, ಕೊಪ್ಪಳದ ಕಲ್ಲುಸಂದಿಗಳಲ್ಲಿ ಓಡಾಡಿದವರಿಗೆ ಈ ಜಂಗಲಿನ ಅರ್ಧ ಗಿಡಗಳ ಹೆಸರು ಊರಿನ ಭಾಷೆಯಲ್ಲೇ ಗೊತ್ತು. ಗೊತ್ತಿರುವುದು ಗೊತ್ತಿಲ್ಲ, ಅಷ್ಟೇ.

ಬೆಟ್ಟದ ಬಾಲ

ಅರಾವಳಿ ಗುಜರಾತಿನ ಗಡಿಯಿಂದ ಹೊರಟು ರಾಜಸ್ಥಾನವನ್ನು ಓರೆಯಾಗಿ ಸೀಳಿ, ಹರಿಯಾಣದ ಮೂಲಕ ಸುಮಾರು 700 ಕಿಲೋಮೀಟರ್ ಸಾಗಿ ದೆಹಲಿಯಲ್ಲಿ ಯಮುನೆಯ ದಂಡೆಗೆ ಬಂದು ಮುಗಿಯುತ್ತದೆ. ಅದರ ಶಿಖರ ಮೌಂಟ್ ಅಬುವಿನ ಗುರುಶಿಖರ, 1,722 ಮೀಟರ್. ದೆಹಲಿಗೆ ಬರುವ ಹೊತ್ತಿಗೆ ಉಳಿಯುವುದು ಬಾಲ ಮಾತ್ರ. ಭಾಟಿಯ ಹತ್ತಿರ ಸಮುದ್ರಮಟ್ಟದಿಂದ 318 ಮೀಟರ್. ಸುತ್ತಲಿನ ಬಯಲೇ ಇನ್ನೂರು ಚಿಲ್ಲರೆ ಮೀಟರ್ ಇರುವುದರಿಂದ ಕಣ್ಣಿಗೆ ದೊಡ್ಡ ಬೆಟ್ಟವೇನೂ ಕಾಣದು. ದೆಹಲಿಯವರು ಇದನ್ನು ರಿಡ್ಜ್ ಎನ್ನುತ್ತಾರೆ. ವಿಶ್ವವಿದ್ಯಾಲಯದ ಪಕ್ಕದ ಉತ್ತರ ರಿಡ್ಜ್, ರಾಷ್ಟ್ರಪತಿ ಭವನದ ಹಿಂದಿನ ಮಧ್ಯ ರಿಡ್ಜ್, ಮೆಹ್ರೌಲಿಯ ತುಂಡು, ಅಸೋಲಾ–ಭಾಟಿಯ ದಕ್ಷಿಣ ರಿಡ್ಜ್ ಎಲ್ಲ ಸೇರಿ 7,777 ಹೆಕ್ಟೇರ್. ಅದರಲ್ಲಿ ಸಿಂಹಪಾಲು, 6,200 ಹೆಕ್ಟೇರ್, ದಕ್ಷಿಣದ್ದು. ಅಲ್ಲಿಂದ ಗಡಿ ದಾಟಿದರೆ ಹರಿಯಾಣದ ಫರೀದಾಬಾದ್, ಗುರುಗ್ರಾಮ, ಸೋಹ್ನಾ ಗುಡ್ಡಗಳು.

ಬಂಡೆ ಬಹುಮಟ್ಟಿಗೆ ಕ್ವಾರ್ಟ್‌ಜೈಟ್, ಅಂದರೆ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಮರಳುಗಲ್ಲು. ಅದು ಸವೆದು ಉದುರುವ ಕೆಂಪು ಮರಳಿಗೆ ಬದರ್‌ಪುರ್ ಎಂದು ಹೆಸರು; ದೆಹಲಿಯ ಎಷ್ಟೋ ಮನೆಗಳ ಗಾರೆಗೆ ಈ ಬೆಟ್ಟವನ್ನೇ ಅಗೆದು ತಂದದ್ದು. ಮಣ್ಣು ತೆಳು, ಮಳೆ ವರ್ಷಕ್ಕೆ 700 ಮಿಲಿಮೀಟರಿನ ಮೇಲೆ ಸ್ವಲ್ಪ, ಅದೂ ಮೂರು ತಿಂಗಳಲ್ಲಿ. ಮೇ ತಿಂಗಳಲ್ಲಿ 45 ಡಿಗ್ರಿ, ಜನವರಿಯ ರಾತ್ರಿ ಮೂರು–ನಾಲ್ಕು ಡಿಗ್ರಿ. ಇಂಥ ಕಡೆ ಮರ ಎತ್ತರಕ್ಕೆ ಹೋಗುವ ಆಸೆ ಬಿಡುತ್ತದೆ, ಎಲೆ ಚಿಕ್ಕದು ಮಾಡಿಕೊಳ್ಳುತ್ತದೆ, ಮೇಯುವ ಬಾಯಿಗೆ ಮುಳ್ಳು ತೋರಿಸುತ್ತದೆ.

ನಿಂತ ನೆಲ ನೋಡಿದರೆ ಅರ್ಧ ಗುರುತು ಮುಗಿದಂತೆ. ಬರೀ ಬಂಡೆಯ ಇಳಿಜಾರಾದರೆ ಧೌ, ಕುಮ್ಮಟ್ ಮರಗಳು. ಗುಡ್ಡದ ಬುಡದಲ್ಲಿ ಮಣ್ಣು ಸೇರಿ ಸ್ವಲ್ಪ ತೇವ ನಿಲ್ಲುವ ಕಡೆ ಮುತ್ತುಗ, ಬಿಳಿಜಾಲಿ, ಬಿಸ್ತೇಂದು. ಇನ್ನೂ ಕೆಳಗೆ ಮರಳು ಬಯಲಾದರೆ ಬನ್ನಿ, ಪೀಲು, ಕೈರ್. ಮುತ್ತುಗವನ್ನು ಹುಡುಕಿಕೊಂಡು ಬಂಡೆ ಹತ್ತುವುದು ವ್ಯರ್ಥ. ಮಾರ್ಚ್ ತಿಂಗಳಲ್ಲಿ ಅದು ತಗ್ಗಿನ ಜೇಡಿಮಣ್ಣಿನಲ್ಲೇ ಕೆಂಡದ ಬಣ್ಣದ ಹೂ ಬಿಟ್ಟು ನಿಂತಿರುತ್ತದೆ. ಇಲ್ಲಿ ಅದಕ್ಕೆ ಢಾಕ್ ಎನ್ನುತ್ತಾರೆ. ಒಂದು ತೊಟ್ಟಿಗೆ ಮೂರು ಅಗಲ ಎಲೆ. ಊಟದೆಲೆ ಹಚ್ಚಿದ ಕೈಗೆ ಹೂವಿಲ್ಲದೆಯೂ ಗುರುತು ಸಿಕ್ಕುವ ಮರ.

ಜಾಲಿಗಳ ಜಾಡು

ಹೊಸಬರು ಎಡವುವುದು ಜಾಲಿಗಳಲ್ಲಿ. ದೂರದಿಂದ ಎಲ್ಲವೂ ಒಂದೇ: ಸಣ್ಣ ಸಣ್ಣ ಎಲೆಯ ಗರಿ, ಮೈತುಂಬ ಮುಳ್ಳು. ಫೋನಿನ ಆ್ಯಪ್ ಹೇಳುವ ಉತ್ತರವನ್ನೂ ಇಲ್ಲಿ ಕಣ್ಣುಮುಚ್ಚಿ ಒಪ್ಪಬಾರದು, ಏಕೆಂದರೆ ನಾವು ಅದಕ್ಕೆ ತೋರಿಸುವುದು ಎಲೆಯನ್ನು. ವ್ಯತ್ಯಾಸ ಇರುವುದು ಮುಳ್ಳಿನಲ್ಲಿ, ಹೂವಿನ ಆಕಾರದಲ್ಲಿ, ಕಾಯಿಯಲ್ಲಿ. ಒಂದೊಂದನ್ನೇ ಹತ್ತಿರ ಹೋಗಿ ನೋಡೋಣ.

ಕರಿಜಾಲಿ ನಮ್ಮ ಕೆರೆಯಂಗಳದ್ದೇ. ಕಪ್ಪನೆ ಸೀಳುಸೀಳಾದ ತೊಗಟೆ, ಜೋಡಿಜೋಡಿಯಾಗಿ ಉದ್ದನೆಯ ನೆಟ್ಟಗಿನ ಬಿಳಿ ಮುಳ್ಳು, ಗುಂಡುಗುಂಡಾದ ಅರಿಸಿನ ಬಣ್ಣದ ಹೂ. ಕಾಯಿ ಮಾತ್ರ ಬೇರೆ ಯಾವುದಕ್ಕೂ ಇಲ್ಲದ್ದು: ಬೂದು ಬಣ್ಣದ ಮಣಿ ಪೋಣಿಸಿದ ಹಾಗೆ ಬೀಜಬೀಜಕ್ಕೂ ನಡು ಕಿರಿದಾಗುತ್ತದೆ. ಇಲ್ಲಿನವರು ಇದನ್ನು ದೇಸಿ ಕೀಕರ್ ಎನ್ನುತ್ತಾರೆ. ಬಿಳಿಜಾಲಿಯ ಮುಳ್ಳೂ ನೆಟ್ಟಗೇ, ಆದರೆ ತೊಗಟೆ ಮಾಸಲು ಹಳದಿ ಬಿಳುಪು. ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಬೆಯ ತುದಿಯಲ್ಲಿ ಕೆನೆ ಬಣ್ಣದ ಗುಂಡು ಹೂಗಳ ದೊಡ್ಡ ದೊಡ್ಡ ಗೊಂಚಲು. ಸ್ಥಳೀಯ ಹೆಸರು ರೋಂಜ್. ಅರಾವಳಿಯ ಬುಡದಲ್ಲಿ ಛತ್ರಿ ಬಿಚ್ಚಿ ನಿಂತ ಈ ಮರಗಳ ನೆರಳಿನಲ್ಲೇ ಕುರಿಗಾಹಿಗಳು ಮಧ್ಯಾಹ್ನ ಕಳೆಯುವುದು.

ಮುಳ್ಳು ಕೊಕ್ಕೆಯಂತೆ ಬಾಗಿದೆಯೇ? ಹಾಗಾದರೆ ಎಣಿಸಿ. ಎರಡೆರಡು ಇದ್ದರೆ ಕಗ್ಗಲಿ, ವೀಳ್ಯಕ್ಕೆ ಕಾಚು ಕೊಡುವ ಮರ, ಇಲ್ಲಿ ಖೈರ್. ಮೂರು ಇದ್ದರೆ, ಅದರಲ್ಲೂ ನಡುವಿನದು ಕೆಳಗೆ ಬಾಗಿ ಪಕ್ಕದ ಎರಡು ಮೇಲಕ್ಕೆ ತಿರುಗಿದ್ದರೆ, ಕುಮ್ಮಟ್. ಆಫ್ರಿಕದ ಸುಡಾನಿನಲ್ಲಿ ಪ್ರಪಂಚಕ್ಕೆಲ್ಲ ಗೋಂದು ಒದಗಿಸುವ ಮರ ಇದೇ ಜಾತಿಯದು. ಎರಡಕ್ಕೂ ಹೂ ಗುಂಡಗಲ್ಲ, ಕೆನೆಬಿಳುಪಿನ ಉದ್ದನೆಯ ತೆನೆ. ಕುಮ್ಮಟ್ ಬಟ್ಟೆಗೆ ಸಿಕ್ಕಿಕೊಂಡರೆ ಹಿಂದಕ್ಕೂ ಬಿಡುವುದಿಲ್ಲ, ಮುಂದಕ್ಕೂ ಬಿಡುವುದಿಲ್ಲ. ಗುರುತಿಸಲು ಪುಸ್ತಕವೇ ಬೇಡ.

ಬನ್ನಿಯ ವಿಷಯಕ್ಕೆ ಬಂದರೆ ಮುಳ್ಳು ಜೋಡಿಯಾಗಿ ಎಲೆಯ ಬುಡದಲ್ಲಿ ಇರುವುದಿಲ್ಲ. ಗೆಣ್ಣು ಗೆಣ್ಣುಗಳ ನಡುವೆ ಚದುರಿಹೋಗಿರುತ್ತದೆ, ಸಣ್ಣದು, ಬುಡ ಅಗಲ. ವಿಜಯದಶಮಿಯ ದಿನ ಎಲೆ ಹಂಚಿಕೊಂಡು ಬಂಗಾರದ ಹಾಗೆ ಇರೋಣ ಎನ್ನುವ ನಾವು ಆ ಮರದ ಮುಳ್ಳನ್ನು ಎಷ್ಟು ಸಲ ನೋಡಿದ್ದೇವೆ? ಹರಿಯಾಣದಲ್ಲಿ ಇದು ಜಾಂಡ್, ರಾಜಸ್ಥಾನದಲ್ಲಿ ಖೇಜ್ಡಿ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಹಳ್ಳಿಯಲ್ಲಿ ಅಮೃತಾದೇವಿ ಮತ್ತು ಬಿಷ್ಣೋಯಿ ಜನ ತಬ್ಬಿ ನಿಂತು ಪ್ರಾಣ ಕೊಟ್ಟದ್ದು ಈ ಮರಕ್ಕಾಗಿ. ಸತ್ತವರು 363 ಎಂದು ಬಿಷ್ಣೋಯಿಗಳು ನೆನೆಯುತ್ತಾರೆ. ಗುರುಗ್ರಾಮದ ಹೊಸ ಸೆಕ್ಟರುಗಳ ನಡುವೆ ಉಳಿದ ಹೊಲದ ಬದುಗಳಲ್ಲಿ ಒಂಟಿ ಬನ್ನಿ ಈಗಲೂ ಸಿಗುತ್ತದೆ.

ಜಾಲಿಯ ಜಾತಿಯಲ್ಲದ ಇನ್ನಿಬ್ಬರು ಮುಳ್ಳಿನವರು. ಬೋರೆಯ ಕುಳ್ಳ ಪೊದೆ, ಇಲ್ಲಿನ ಝಾಡ್‌ಬೇರಿ, ಒಂದೇ ಜಾಗದಲ್ಲಿ ಎರಡು ಮುಳ್ಳು ಬಿಡುತ್ತದೆ: ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಎಲೆ ತಿರುವಿದರೆ ಅಡಿಭಾಗ ಬೆಳ್ಳನೆ ನವಿರು. ಇಂಗಳಾರದ ಮುಳ್ಳು ಬೆರಳುದ್ದ, ಹಸಿರು ಬಣ್ಣ, ಕೊಂಬೆಯಷ್ಟೇ ಗಟ್ಟಿ. ಒಂದು ತೊಟ್ಟಿಗೆ ಎರಡೇ ಎಲೆ. ಇದರ ಕಾಯಿಯ ತಿರುಳು ಸೋಪಿನಂತೆ ನೊರೆ ಬರುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ಆಶ್ರಮದವರು ಎಣ್ಣೆಗೆಂದು ಕಲ್ಲಲ್ಲಿ ಜಜ್ಜುತ್ತಿದ್ದ ಇಂಗುದಿ ಇದೇ ಎನ್ನುತ್ತಾರೆ. ಇಂದೋರಿನ ಬಳಿಯ ಗೌತಮಪುರದಲ್ಲಿ ದೀಪಾವಳಿಯ ಮರುದಿನ ಇದರ ಕಾಯಿಯೊಳಗೆ ಮದ್ದು ತುಂಬಿ ಎರಡು ಊರಿನವರು ಒಬ್ಬರ ಮೇಲೊಬ್ಬರು ಎಸೆದಾಡುವ ‘ಹಿಂಗೋಟ್ ಯುದ್ಧ’ ನಡೆಯುತ್ತದೆ. ತಪೋವನದಿಂದ ಪಟಾಕಿಯವರೆಗೆ ಈ ಕಾಯಿಯ ವಂಶಚರಿತ್ರೆ ಚೆನ್ನಾಗಿಯೇ ಇದೆ.

ಜಗಳಗಂಟಿಯ ಮುಂದೆ

ಪರಿಚಯದವರೊಬ್ಬರ ತಾಯಿ ಹಿರಿಯೂರಿನ ಕಡೆಯವರು. ಮಗನ ಮನೆಗೆ ಚಳಿಗಾಲ ಕಳೆಯಲು ಬಂದಿದ್ದರು. ಗುಡ್ಡದ ಕಡೆ ನಮ್ಮ ಜೊತೆ ಅವರೂ ಬಂದರು. ಬಂಡೆಯ ಬುಡದಲ್ಲಿ ಕಪ್ಪು ತೊಗಟೆಯ, ಮಟ್ಟಸ ಎತ್ತರದ ಮರವೊಂದಿತ್ತು. ನಾನು ‘ಬಿಸ್ತೇಂದು’ ಎಂದು ಸ್ಥಳೀಯ ಹೆಸರು ಹೇಳಿ ಜಾಣತನ ತೋರಿಸುವಷ್ಟರಲ್ಲಿ ಅವರು ಒಂದು ಕಡ್ಡಿ ಮುಟ್ಟಿ ನೋಡಿ, “ಇದು ಜಗಳಗಂಟಿ ಅಲ್ವೇನಪ್ಪ? ಇದರ ಕಟ್ಟಿಗೆ ಒಲೆಗಿಟ್ಟರೆ ಮನೇಲಿ ಜಗಳ ತಪ್ಪಲ್ಲ” ಎಂದರು. ಮಗ ನಕ್ಕ. “ಅಮ್ಮ, ಇಲ್ಲಿ ಎಲ್ಲರ ಮನೇಲೂ ಗ್ಯಾಸು.” “ಜಗಳ ಏನು ಕಮ್ಮಿ ಆಗಿದೆಯಾ?” ಎಂದು ಅವರು ಮುಂದೆ ನಡೆದರು.

ಅವರು ಹೇಳಿದ್ದು ಸರಿ. ನಮ್ಮ ಜಗಳಗಂಟಿ ಮತ್ತು ಇಲ್ಲಿನ ಬಿಸ್ತೇಂದು ಒಂದೇ ಜಾತಿಯೆಂದು ಹಲವು ಸಸ್ಯಶಾಸ್ತ್ರಜ್ಞರು ಎಣಿಸುತ್ತಾರೆ. ಬೀಡಿ ಎಲೆಯ ತೂಬರೆ ಮರದ ದಾಯಾದಿ ಅದು. ಗುರುತಿಗೆ ಹಣ್ಣು ನೋಡಬೇಕು: ಗೋಲಿಯಷ್ಟು ದುಂಡು, ಬುಡದಲ್ಲಿ ನಾಲ್ಕು ಎಸಳಿನ ಟೊಪ್ಪಿ ಹಾಗೇ ಅಂಟಿಕೊಂಡಿರುತ್ತದೆ. ತೂಬರೆ ಹಣ್ಣಿನ ಹಾಗೆ ಇದೆಯೆಂದು ಬಾಯಿಗೆ ಹಾಕಬೇಡಿ, ಇದು ವಿಷ. ಹೊಳೆಯಲ್ಲಿ ಮೀನು ಮಂಪರಾಗಿಸಲು ಇದರ ಕಾಯಿ ಜಜ್ಜಿ ಹಾಕುವ ಪದ್ಧತಿ ಹಲವೆಡೆ ಇತ್ತು.

ಚನ್ನಪಟ್ಟಣದವರಿಗೆ ಇಲ್ಲಿ ಇನ್ನೊಂದು ಗೆಳೆತನ ಕಾದಿದೆ. ಅಲ್ಲಿಯ ಅರಗಿನ ಬೊಂಬೆಗಳಿಗೆ ಬೇಕಾದ ಆಲೆ ಮರ ಮಾಂಗರ್ ಕಣಿವೆಯಲ್ಲಿ ತಾನಾಗಿ ಬೆಳೆದಿದೆ. ಹಿಂದಿಯಲ್ಲಿ ದೂಧಿ. ಎಲೆ ಕಿತ್ತರೆ ಹಾಲು ಒಸರುತ್ತದೆ. ಬೇಸಿಗೆಯಲ್ಲಿ ಬಿಳಿ ಹೂ. ಆಮೇಲೆ ಬರುವ ಕಾಯಿಗಳು ಜೋಡಿಯಾಗಿ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ತೂಗುತ್ತವೆ. ತುದಿ ಅಂಟಿರದೆ ಎರಡೂ ಬಿಡಿಬಿಡಿಯಾಗಿ ಇಳಿಬಿದ್ದಿದ್ದರೆ ಅದು ಕೊಡಸಿಗ, ಬೇರೆ ಮರ. ತಪಸಿ ಮರವೂ ಇಲ್ಲಿದೆ. ಅದಕ್ಕೆ ಮೂಗು ಸಾಕು, ಎಲೆ ಹಿಸುಕಿದರೆ ಕೆಟ್ಟ ವಾಸನೆ.

ಕೊಂಬೆ ಮುರಿಯದ ಊರು

ಧೌ ಮರಕ್ಕೆ ಮಾತ್ರ ಕನ್ನಡದಲ್ಲಿ ಹೆಸರಿಲ್ಲ, ಏಕೆಂದರೆ ಅದು ನಮ್ಮಲ್ಲಿ ಬೆಳೆಯುವುದಿಲ್ಲ. ಅದರ ಒಡಹುಟ್ಟು ದಿಂಡಿಗ ಬೆಳೆಯುತ್ತದೆ. ದಿಂಡಿಗ ಕಂಡವರಿಗೆ ಧೌ ಗುರುತಿಸುವುದು ಸುಲಭ: ಎರಡಕ್ಕೂ ಅಂಗಿಯ ಗುಂಡಿಯಷ್ಟು ಸಣ್ಣ ಗುಂಡುಗಳಲ್ಲಿ ಒತ್ತೊತ್ತಾಗಿ ಕೂತ ಹೂ, ಅದೇ ಗುಂಡಿನಲ್ಲಿ ಪುಟ್ಟ ರೆಕ್ಕೆಯ ಕಾಯಿ. ಆದರೆ ಧೌ ಎಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಕೊಂಬೆಯ ತುದಿ ಕೆಳಕ್ಕೆ ಬಾಗಿ ಜೋಲುತ್ತದೆ. ನವೆಂಬರ್ ದಾಟಿದರೆ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆಗ ಗುಡ್ಡದ ಎದುರು ಬದಿಯಲ್ಲಿ ನಿಂತರೂ ಯಾವ ಇಳಿಜಾರಿನಲ್ಲಿ ಧೌ ಇದೆ ಎಂದು ಬೆರಳು ಮಾಡಿ ತೋರಿಸಬಹುದು. ರಣಥಂಭೋರಿನ ಹುಲಿ ಫೋಟೋಗಳಲ್ಲಿ ಹಿನ್ನೆಲೆಗೆ ಕಾಣುವ ಬೂದು ಕಾಡೂ ಬಹುಮಟ್ಟಿಗೆ ಇದೇ, ಅಲ್ಲಿ ಧೋಕ್ ಎನ್ನುತ್ತಾರೆ.

ಇದರ ಹಠವನ್ನು ಹತ್ತಿರದಿಂದ ನೋಡಬೇಕು. ಬೀಜದಿಂದ ಮೊಳೆಯುವುದು ಕಡಿಮೆ. ಬೇರಿನಿಂದ ಕುಡಿಯೊಡೆದು ಹಬ್ಬುತ್ತದೆ. ಮೇಕೆ ಮೇಯ್ದರೆ ಮೇಲಕ್ಕೆ ಹೋಗುವುದನ್ನು ಬಿಟ್ಟು ಬಂಡೆಗೆ ಅವಚಿಕೊಂಡು ಮೊಣಕಾಲೆತ್ತರದ ದಿಂಬಿನಂತೆ ಬೆಳೆಯುತ್ತದೆ. ಕಾಲಿನಿಂದ ತುಳಿದುಕೊಂಡು ಹೋಗುವ ಆ ಪೊದೆ ಎಷ್ಟೋ ವರ್ಷ ಹಳೆಯ ಮರವಾಗಿರಬಹುದು. ಮೇಯಿಸುವುದು ನಿಲ್ಲಲಿ, ಅದರ ನಡುವಿನಿಂದ ಒಂದು ಕೊಂಬೆ ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಏರಿ ಮರವಾಗಿಬಿಡುತ್ತದೆ.

ಮಾಂಗರ್ ಬನಿ ಎಂಬ ಆ ಕಣಿವೆಯಲ್ಲಿ ಮೇಯಿಸುವುದು, ಕಡಿಯುವುದು ತಲೆಮಾರುಗಳಿಂದ ನಿಂತಿದೆ. ಮಾಂಗರ್, ಬಂಧ್‌ವಾಡಿ, ಬಲಿಯಾವಾಸ್ ಹಳ್ಳಿಗಳ ಗುಜ್ಜರರು ಇದನ್ನು ಗುದಡಿಯಾ ದಾಸ್ ಬಾಬಾನ ಬನವೆಂದು ನಡೆದುಕೊಳ್ಳುತ್ತಾರೆ. ಕೊಂಬೆ ಮುರಿದವನಿಗೆ ಕೇಡು ತಪ್ಪದೆಂಬ ನಂಬಿಕೆ. ಕೊಡಗಿನ ದೇವರಕಾಡು ಕಂಡವರಿಗೆ ವಿವರಿಸಬೇಕಾದ್ದಿಲ್ಲ. ದೆಹಲಿಯ ಸುತ್ತ ಧೌ ಕಾಡು ಹೇಗಿತ್ತು ಎಂಬುದಕ್ಕೆ ಉಳಿದಿರುವ ಅತಿ ಒಳ್ಳೆಯ ಸಾಕ್ಷಿ ಈ ಕಣಿವೆ, ಮತ್ತು ಅದನ್ನು ಉಳಿಸಿದ್ದು ಅರಣ್ಯ ಕಾಯಿದೆಯಲ್ಲ, ಬಾಬಾನ ಭಯ. 2021ರಲ್ಲಿ ಹರಿಯಾಣದ ಪುರಾತತ್ವ ಇಲಾಖೆ ಇಲ್ಲಿನ ಬಂಡೆಗಳಲ್ಲಿ ಪ್ರಾಗೈತಿಹಾಸಿಕ ಚಿತ್ರಗಳಿವೆಯೆಂದು ಪ್ರಕಟಿಸಿತು. ಇಷ್ಟೆಲ್ಲದರ ಪಕ್ಕದಲ್ಲೇ ಗುರುಗ್ರಾಮ, ಫರೀದಾಬಾದುಗಳ ಕಸ ಸುರಿಯುವ ಬಂಧ್‌ವಾಡಿಯ ಕಸದ ಬೆಟ್ಟ. ಅದರ ಎತ್ತರ ಅಳೆಯುವವರಿಗೆ ಬರವಿಲ್ಲ.

ಹೂವಿನ ಕ್ಯಾಲೆಂಡರು

ಹೂವನ್ನೇ ನೋಡಬೇಕು ಎನ್ನುವವರು ಫೆಬ್ರವರಿಯಿಂದ ಏಪ್ರಿಲ್, ಮತ್ತೆ ಆಗಸ್ಟಿನಿಂದ ಅಕ್ಟೋಬರ್ ಆಯ್ದುಕೊಳ್ಳಿ. ಚಳಿ ಇಳಿಯುತ್ತಿದ್ದಂತೆ ಆಡುಸೋಗೆ ಮೊದಲು. ಇಲ್ಲೂ ಅಡೂಸಾ ಎಂದೇ ಹೆಸರು. ಬಿಳಿ ಹೂವಿನ ಕೆಳದುಟಿಯ ಮೇಲೆ ನೇರಳೆ ಗೀರುಗಳು. ಜೇನ್ನೊಣಕ್ಕೆ ದಾರಿ ತೋರಿಸುವ ಗುರುತು ಅದು. ಕಹಿಗೆ ದನಕರು ಮುಟ್ಟದ್ದರಿಂದ ರಿಡ್ಜಿನ ನೆರಳಿನಲ್ಲಿ ಆಳೆತ್ತರ ಪೊದೆಪೊದೆಯಾಗಿ ಬೆಳೆದಿದೆ. ಅದರ ಹಿಂದೆಯೇ ಬೂರುಗ, ಮುತ್ತುಗ. ಕೈರ್ ಎಂಬ ಎಲೆಯೇ ಇಲ್ಲದ ಹಸಿರು ಕಡ್ಡಿಗಳ ಪೊದೆಯೂ ಆಗಲೇ ಇಟ್ಟಿಗೆಗೆಂಪು ಹೂ ಬಿಡುತ್ತದೆ. ಇದರ ಕಾಯಿ ಮತ್ತು ಬನ್ನಿಯ ಕೋಡು ಸೇರಿದರೆ ರಾಜಸ್ಥಾನಿಗಳ ಕೇರ್–ಸಾಂಗ್ರಿ ಪಲ್ಯ. ಕಕ್ಕೆ ನಮ್ಮೂರಿಗಿಂತ ತಡ. ಯುಗಾದಿಯ ಆಸುಪಾಸಿನಲ್ಲಿ ಅಲ್ಲಿ ಅರಳಿದ್ದು ಇಲ್ಲಿ ಹಳದಿ ಗೊಂಚಲಾಗುವುದು ಮೇ ತಿಂಗಳಿಗೆ.

ಎಕ್ಕವನ್ನು ನೋಡದ ಕನ್ನಡಿಗನಿಲ್ಲ. ಆದರೂ ಇಲ್ಲಿ ನಿಂತು ನೋಡಿ. ನಮ್ಮ ಕಡೆ ಹೆಚ್ಚು ಕಾಣುವ ಎಕ್ಕದ ಎಸಳು ಅಗಲವಾಗಿ ಬಿಚ್ಚಿ ಹಿಂದಕ್ಕೆ ಮಡಚಿರುತ್ತವೆ, ಬಣ್ಣ ತಿಳಿನೇರಳೆ ಇಲ್ಲವೇ ಬಿಳಿ. ದೆಹಲಿಯ ಆಕ್ ಹೂವಿನ ಎಸಳು ಬಟ್ಟಲಿನಂತೆ ಮೇಲ್ಮುಖ, ಬಿಳಿಯ ತುದಿಗೆ ಗಾಢ ನೇರಳೆ ಅದ್ದಿದ ಹಾಗೆ. ಜಾತಿಯೇ ಬೇರೆ. ಮಳೆ ಬಿದ್ದ ಮೇಲೆ ತಲೆ ಬಗ್ಗಿಸಿ ನಡೆಯಬೇಕು: ಬಂಡೆಯ ಬಿರುಕಿನ ಹಿಡಿಮಣ್ಣಿನಲ್ಲಿ ಸಾಸಿವೆಯಷ್ಟು ಮೊಗ್ಗಿನ ನೀಲಿ ವಿಷ್ಣುಕ್ರಾಂತಿ, ಹಾದಿಯಲ್ಲಿ ಐದೆಸಳಿನ ಹಳದಿ ನೆಗ್ಗಿಲು, ಬಟ್ಟೆಗೆ ಅಂಟುವ ಉತ್ತರಾಣಿ, ಪೊದೆಯ ಮೇಲೆ ಹಬ್ಬಿದ ದಾಗಡಿ ಮತ್ತು ಅಮೃತಬಳ್ಳಿ. ಅಜ್ಜಿಯರ ಮದ್ದಿನ ಪಟ್ಟಿಯೇ ಇಲ್ಲಿ ಕಾಲಡಿಗಿದೆ.

ಅಕ್ಟೋಬರಿನಲ್ಲಿ ನೊಯ್ಡಾದ ರಸ್ತೆಗಳಲ್ಲಿ ತಲೆಸುತ್ತುವಂತೆ ಕಂಪು ಬೀರುವ ಸಪ್ತಪರ್ಣಿಯನ್ನು ಕಂಡು ಕರಾವಳಿಯವರು ಖುಷಿಪಡುತ್ತಾರೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ತೊಗಟೆ ಕೆತ್ತಿ ಕಷಾಯ ಕುಡಿಯುವ ಪಾಲೆ ಮರವೇ ಅದು, ನಿಜ. ಆದರೆ ಇಲ್ಲಿ ಅದು ಕಾಡುಮರವಲ್ಲ, ರಸ್ತೆಬದಿಗೆ ನೆಟ್ಟದ್ದು, ತೇವದ ನಾಡಿನದು. ಯಾವುದು ತಾನಾಗಿ ಬೆಳೆದದ್ದು, ಯಾವುದನ್ನು ನೆಟ್ಟರು ಎಂದು ಕೇಳಿಕೊಳ್ಳದೆ ಹೆಸರಷ್ಟೇ ಹೇಳಿದರೆ ಗುರುತು ಅರ್ಧವೇ ಆಯಿತು.

ಬಳ್ಳಾರಿಯ ಹೆಸರು ಹೊತ್ತ ಹಾವಳಿ

ಮೊದಲು ಹೇಳಿದ ಆ ಹಸಿರು ಮೋಸಗಾರ ಬೇರೆ ಯಾರೂ ಅಲ್ಲ, ನಮ್ಮ ಬಳ್ಳಾರಿ ಜಾಲಿ. ದೆಹಲಿಯಲ್ಲಿ ವಿಲಾಯತಿ ಕೀಕರ್. ಬಳ್ಳಾರಿಯದ್ದೂ ಅಲ್ಲ, ವಿಲಾಯತಿಯದ್ದೂ ಅಲ್ಲ. ಮೆಕ್ಸಿಕೊ, ಕೆರಿಬಿಯನ್ ಕಡೆಯ ಪ್ರೊಸೋಪಿಸ್ ಜೂಲಿಫ್ಲೋರಾ. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಸೌದೆಗಾಗಿ ಬಿತ್ತಿದ್ದು ಭಾರತದಲ್ಲಿ ಇದರ ಮೊದಲ ದಾಖಲೆ. ಹೊಸ ರಾಜಧಾನಿ ಕಟ್ಟುವಾಗ ಬೋಳು ರಿಡ್ಜನ್ನು ಬೇಗ ಹಸಿರು ಮಾಡಬೇಕಿದ್ದ ಬ್ರಿಟಿಷರು ಇದನ್ನೇ ತಂದು ಹಚ್ಚಿದರು. ಬೇಗ ಹಸಿರಾಯಿತು, ಅದರಲ್ಲಿ ಎರಡು ಮಾತಿಲ್ಲ. ಮತ್ತೇನೂ ಬೆಳೆಯದ ಹಾಗೂ ಆಯಿತು.

ಗುರುತು: ಅಂಕುಡೊಂಕಾಗಿ ಸಾಗುವ ಕಡ್ಡಿ, ಗೆಣ್ಣಿನಲ್ಲಿ ಜೋಡಿ ಮುಳ್ಳು, ಕರಿಜಾಲಿಗಿಂತ ದೊಡ್ಡ ಎಸಳಿನ ಎಲೆ, ಹಸಿರುಹಳದಿಯ ಜೋಲುವ ತೆನೆ, ಒಣಹುಲ್ಲಿನ ಬಣ್ಣದ ಸಿಹಿ ಕೋಡು. ಕೋಡನ್ನು ಮೇಕೆಯೂ ನೀಲಗಾಯಿಯೂ ತಿಂದು ಬೀಜವನ್ನು ಗೊಬ್ಬರದೊಂದಿಗೆ ಬಿತ್ತುತ್ತವೆ. ಉದುರಿದ ಎಲೆಯ ಅಡಿ ಬೇರೆ ಬೀಜ ಮೊಳೆಯುವುದು ಕಷ್ಟ. ಕಡಿದರೆ ಬುಡದಿಂದ ಹತ್ತು ಕುಡಿ. ಪೂಜೆಗೊಳ್ಳುವ ಬನ್ನಿಗೂ ಶಾಪ ಹಾಕಿಸಿಕೊಳ್ಳುವ ಈ ಗಿಡಕ್ಕೂ ಹತ್ತಿರದ ನಂಟು. ಮೊನ್ನೆಮೊನ್ನೆಯವರೆಗೆ ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು.

ಇದನ್ನು ತೆಗೆದು ಹಳೇ ಕಾಡನ್ನು ಮರಳಿ ತರಬಹುದೇ? ತರಬಹುದೆಂದು ಎರಡು ಜಾಗ ತೋರಿಸಿವೆ. ವಸಂತ ವಿಹಾರದಲ್ಲಿ ಗಣಿಗಾರಿಕೆಯಿಂದ ಹಾಳಾದ ನೆಲದಲ್ಲಿ ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ.ಆರ್. ಬಾಬು ಅವರ ಮಾರ್ಗದರ್ಶನದಲ್ಲಿ ಅರಾವಳಿಯ ಗಿಡಮರಗಳನ್ನು ಮತ್ತೆ ಕೂಡಿಸಲಾಯಿತು. ಗುರುಗ್ರಾಮದಲ್ಲಿ ಕಲ್ಲುಕ್ವಾರಿಯಾಗಿದ್ದ ಸುಮಾರು 380 ಎಕರೆಯಲ್ಲಿ 2010ರಿಂದ ‘ಐ ಆ್ಯಮ್ ಗುರ್‌ಗಾಂವ್’ ಎಂಬ ನಾಗರಿಕರ ಸಂಸ್ಥೆ, ವಿಜಯ್ ಧಸ್ಮಾನಾ ಅವರ ಕೈಗೆ ಕೆಲಸವೊಪ್ಪಿಸಿ, ಧೌ, ಸಲಾಯಿ, ಕುಮ್ಮಟ್ ಮುಂತಾದವನ್ನು ಬೀಜ ಹುಡುಕಿ ತಂದು ಬೆಳೆಸಿತು. ನರ್ಸರಿಯವರು ಇಂಥ ಸಸಿ ಇಟ್ಟುಕೊಳ್ಳುವುದೇ ಇಲ್ಲವಾದ್ದರಿಂದ ಸಸಿಮಡಿಯನ್ನೂ ತಾವೇ ಮಾಡಿಕೊಳ್ಳಬೇಕಾಯಿತು. 2022ರ ಫೆಬ್ರವರಿ 2ರಂದು, ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯ ಕಾಪಾಡುವ ತಾಣವೆಂಬ ಅಂತರರಾಷ್ಟ್ರೀಯ ವರ್ಗದಲ್ಲಿ ಭಾರತದ ಮೊದಲನೆಯದಾಗಿ ಇದು ಘೋಷಣೆಯಾಯಿತು.

ಮರ ಗುರುತಿಸುವುದು ಹವ್ಯಾಸ. ಬೆಟ್ಟ ಗುರುತಿಸುವುದು ಈಗ ಕೋರ್ಟಿನ ಕೆಲಸ. ಫರೀದಾಬಾದ್, ಗುರುಗ್ರಾಮ, ಮೇವಾತಿನ ಅರಾವಳಿಯಲ್ಲಿ 2009ರಲ್ಲಿ ಗಣಿಗಾರಿಕೆ ನಿಲ್ಲಿಸಿದ್ದ ಸುಪ್ರೀಂ ಕೋರ್ಟು, 2025ರ ನವೆಂಬರ್ 20ರಂದು, ಸುತ್ತಲಿನ ನೆಲಕ್ಕಿಂತ 100 ಮೀಟರ್ ಅಥವಾ ಹೆಚ್ಚು ಎತ್ತರ ಇದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯೆಯನ್ನು ಒಪ್ಪಿತು. ರಾಜಸ್ಥಾನ, ಹರಿಯಾಣಗಳಲ್ಲಿ ಜನ ಬೀದಿಗಿಳಿದರು. ಡಿಸೆಂಬರ್ 29ರಂದು ಅದೇ ಕೋರ್ಟು ಆ ಆದೇಶವನ್ನು ತಡೆಹಿಡಿಯಿತು. ಧೌ ಮರಕ್ಕೆ ಮೀಟರಿನ ಲೆಕ್ಕ ತಿಳಿಯದು. ಇಪ್ಪತ್ತು ಮೀಟರ್ ಎತ್ತರದ ಗುಡ್ಡದಲ್ಲೂ ಬಂಡೆ ಅದೇ, ಕಾಡು ಅದೇ. ಎತ್ತರದ ಬದಲು ಮೇಲೆ ಬೆಳೆದದ್ದನ್ನು ನೋಡಿ ಗಡಿ ಗೀಚಿದ್ದರೆ ಈ ತಕರಾರು ಅರ್ಧ ಇರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಹೊರಡುವ ಮುನ್ನ

ಪುಸ್ತಕ ಬೇಕೆಂದರೆ ಒಂದು ಸಾಕು: ಚಲನಚಿತ್ರ ನಿರ್ದೇಶನ ಬಿಟ್ಟು ಮರಗಳ ಹಿಂದೆ ಬಿದ್ದ ಪ್ರದೀಪ್ ಕೃಷನ್ ಅವರ ‘ಟ್ರೀಸ್ ಆಫ್ ಡೆಲ್ಲಿ’, 2006ರದು. ಎಲೆಯ ಆಕಾರ ಹಿಡಿದು ಮರ ಹುಡುಕುವಂತೆ ಜೋಡಿಸಿದ್ದಾರೆ, ಹೂ ಬಿಡುವವರೆಗೆ ಕಾಯಬೇಕಿಲ್ಲ. ಆಳಕ್ಕೆ ಇಳಿಯುವವರಿಗೆ ಜೆ.ಕೆ. ಮಾಹೇಶ್ವರಿ ಅವರ 1963ರ ‘ದಿ ಫ್ಲೋರಾ ಆಫ್ ಡೆಲ್ಲಿ’ ಇದೆ, ಚಿತ್ರದ ಸಂಪುಟ ಆಮೇಲೆ ಬಂತು. ಕನ್ನಡದಲ್ಲಿ ಕಾಡು ನೋಡುವ ಕಣ್ಣು ಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿಕೊಂಡು ಹೋಗಿ; ಅದು ಪಶ್ಚಿಮಘಟ್ಟದ್ದು, ಗಿಡಗಳು ಬೇರೆ, ನೋಡುವ ಕ್ರಮ ಇಲ್ಲಿಗೂ ಸಲ್ಲುತ್ತದೆ.

ಮೊದಲ ಸಲಕ್ಕೆ ಗುರುಗ್ರಾಮದ ಆ ಹಳೇ ಕ್ವಾರಿಯ ಉದ್ಯಾನ ವಾಸಿ, ಗುರು ದ್ರೋಣಾಚಾರ್ಯ ಮೆಟ್ರೊ ನಿಲ್ದಾಣದಿಂದ ಹತ್ತಿರ. ಅಸೋಲಾ ಅಭಯಾರಣ್ಯಕ್ಕೆ ತುಘಲಕಾಬಾದಿನ ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಕಡೆಯಿಂದ ದಾರಿ. ಮಾಂಗರಿಗೆ ಹೋದರೆ ಹಳ್ಳಿಯವರನ್ನು ಮಾತಾಡಿಸಿ, ಅವರ ಜೊತೆ ಹೋಗಿ, ಒಂದು ಕಡ್ಡಿಯನ್ನೂ ಕೀಳಬೇಡಿ. ಗುರುತಿಗೆ ಬೇಕಾದ ಎಲೆ, ಕಾಯಿ ನೆಲದಲ್ಲೇ ಬಿದ್ದಿರುತ್ತದೆ. ಪೂರ್ತಿ ತೋಳಿನ ಅಂಗಿ, ಗಟ್ಟಿ ಅಡಿಯ ಷೂ ಇರಲಿ. ಚಿರತೆ ಇರುವ ಕಾಡು, ಸಂಜೆಗೆ ಮುಂಚೆ ಇಳಿದುಬಿಡಿ. ಊರಿನಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವಂದಿರನ್ನು ಮಾಲ್‌ಗೆ ಕರೆದುಕೊಂಡು ಹೋಗುವ ಬದಲು ಇಲ್ಲಿಗೆ ಕರೆತಂದು, ಅವರು ಹೇಳುವ ಹೆಸರುಗಳನ್ನು ಮಕ್ಕಳ ಕೈಲಿ ಬರೆಸಿ.

ಇನ್ನೊಂದು ಕೆಲಸ ನಿಮ್ಮ ಮನೆಬಾಗಿಲಲ್ಲೇ ಇದೆ. ಜುಲೈ ಬಂದರೆ ನೊಯ್ಡಾ, ಗುರುಗ್ರಾಮ, ದ್ವಾರಕಾದ ಪ್ರತಿ ಸೊಸೈಟಿಯಲ್ಲೂ ಗಿಡ ನೆಡುವ ಕಾರ್ಯಕ್ರಮ ನಡೆಯುತ್ತದೆ. ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕ ಅಲಂಕಾರದ ಸಸಿ ತಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಈ ವರ್ಷ ಆ ಸಭೆಗೆ ನೀವೂ ಹೋಗಿ, ಗುಂಡಿ ತೋಡುವ ಮೊದಲೇ ಬಿಳಿಜಾಲಿ, ಬಿಸ್ತೇಂದು, ಮುತ್ತುಗ, ಬನ್ನಿ ಎಂದು ಹೆಸರು ಹಿಡಿದು ಕೇಳಿ. ನರ್ಸರಿಯವನು ಇಲ್ಲ ಎಂದರೆ ಮುಂದಿನ ವರ್ಷಕ್ಕೆ ಬೀಜ ಹಾಕಿಡಲು ಈಗಲೇ ಹೇಳಿ ಬನ್ನಿ.